ಅಂಜುವ ನಾಡಿ

ನನ್ನ ಕೆಲಸ ಅಂಜುವುದು.

ಹೀಗೆಂದರೆ ಯಾರೂ ನಂಬುವುದಿಲ್ಲ. ಬ್ಯಾಡಗಿಯಲ್ಲಿ ಯಾರಾದರೂ ಕೇಳಿದರೆ ಅವ್ವ 'ಹುಬ್ಬಳ್ಳಿ ದವಾಖಾನಿಯೊಳಗ ಐತ್ರಿ ಆಕಿ ಕೆಲಸ' ಎಂದಷ್ಟೇ ಹೇಳುತ್ತಾಳೆ. ನರ್ಸೇನು ಎಂದು ಕೇಳಿದರೆ ಅಲ್ಲ ಎನ್ನುತ್ತಾಳೆ. ಕಸ ಹೊಡಿಯೋದೇನು ಎಂದು ಕೇಳಿದರೆ ಸುಮ್ಮನಾಗುತ್ತಾಳೆ.

ನಾನು ಎಂಟನೇ ಇಯತ್ತೆಗೆ ಶಾಲೆ ಬಿಟ್ಟವಳು. ದಡ್ಡಿ ಎಂದಲ್ಲ. ಮಾಸ್ತರರು ಪಾಠ ಓದಲು ನಿಲ್ಲಿಸುತ್ತಿದ್ದರು. ನಿಂತ ಕೂಡಲೇ ನಲವತ್ತು ಮುಖಗಳು ನನ್ನ ಕಡೆ ತಿರುಗುತ್ತಿದ್ದವು. ಕೈಕಾಲು ತಣ್ಣಗಾಗಿ, ನಾಲಗೆ ಅಂಗುಳಕ್ಕೆ ಅಂಟಿಕೊಂಡು, ಹಾಗೇ ಕಲ್ಲಿನಂತೆ ನಿಂತಿರುತ್ತಿದ್ದೆ. ಹುಡುಗಿಯರು ಮೂಗಿ ಎಂದರು. ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಅವ್ವನ ಮಗ್ಗುಲಲ್ಲಿ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸತೊಡಗಿದೆ. ಅಲ್ಲಿ ಎಲ್ಲರ ಕಣ್ಣೂ ಮೆಣಸಿನಕಾಯಿಯ ಮೇಲೆ. ನನ್ನನ್ನು ಯಾರೂ ನೋಡುತ್ತಿರಲಿಲ್ಲ. ನಾನು ಮಾತ್ರ ಎಲ್ಲರನ್ನೂ ನೋಡುತ್ತಿದ್ದೆ.

ಎರಡು ವರ್ಷದ ಹಿಂದೆ, ಮೆಣಸಿನಕಾಯಿಯ ಘಾಟಿನಲ್ಲಿ ಕೆಲಸ ಮಾಡುವ ಹೆಂಗಸರ ಎದೆ ಪರೀಕ್ಷೆಗೆಂದು ಆಸ್ಪತ್ರೆಯ ವ್ಯಾನು ಪೇಟೆಗೆ ಬಂತು. ನನ್ನ ಕೈಗೊಂದು ಪಟ್ಟಿ ಕಟ್ಟಿದರು. ಹಂಪಣ್ಣವರ ಎಂಬ ಡಾಕ್ಟರು, ಹೆಣ್ಣುಮಗಳು, 'ನಿನ್ನ ಹೆಸರೇನವಾ?' ಎಂದರು. ದ್ಯಾಮವ್ವ ಎನ್ನಲು ನನ್ನಿಂದ ಆಗಲಿಲ್ಲ. ಅವರು ಪರದೆಯ ಮೇಲಿನ ಅಂಕಿ ನೋಡಿದರು. ಎಪ್ಪತ್ತೆರಡು ಇದ್ದದ್ದು ಅರವತ್ತಾಯಿತು, ಐವತ್ತೆರಡಾಯಿತು. ಇನ್ನೊಬ್ಬ ಡಾಕ್ಟರನ್ನು ಕರೆದರು. ಆತ ಬಗ್ಗಿ ನನ್ನ ಮುಖ ನೋಡಿದ. ನಲವತ್ತೆಂಟು.

'ಈಕಿನ್ನ ನೋಡಿದಷ್ಟೂ ಇಳೀತೈತಲ್ಲ!' ಎಂದು ಆತ ನಕ್ಕ. ಹಂಪಣ್ಣವರ ಡಾಕ್ಟರು ನಗಲಿಲ್ಲ. ಅಂಜಿದಾಗ ಬಹಳಷ್ಟು ಜೀವಗಳ ಎದೆ ಓಡುತ್ತದೆ, ಆದರೆ ಹುಲ್ಲಿನೊಳಗೆ ಅಡಗಿ ಬಿದ್ದ ಜಿಂಕೆಮರಿಯ ಎದೆ ನಿಧಾನವಾಗುತ್ತದೆ, ಸಾವಿರಕ್ಕೊಬ್ಬ ಮನುಷ್ಯನೂ ಹಾಗೆ ಇರುತ್ತಾನೆ ಎಂದು ಅವ್ವನಿಗೆ ತಿಳಿಸಿ ಹೇಳಿದರು. ಹೀಗೆ ನನಗೆ ಕೆಲಸ ಸಿಕ್ಕಿತು.

ಬೋರ್‌ವೆಲ್ ನೀರಿನ ಪೈಪಿನೊಳಗೆ ಸುಣ್ಣ ಕಟ್ಟುತ್ತದಲ್ಲ, ಗುಂಡಿಗೆಗೆ ರಕ್ತ ಕೊಡುವ ನಾಳಗಳಲ್ಲಿ ಹಾಗೆ ಸುಣ್ಣ ಕಟ್ಟಿದವರು ನಮ್ಮಲ್ಲಿಗೆ ಬರುತ್ತಾರೆ. ಎದೆ ಬಿಚ್ಚಿ ಬೈಪಾಸ್ ಮಾಡಿದರೆ ಬದುಕಿ ಏಳುವಷ್ಟು ತ್ರಾಣ ಇಲ್ಲದವರು. ತೊಡೆಯ ಸಂದಿನಿಂದ ಕೂದಲೆಳೆಯಂಥ ತಂತಿ ಕಳಿಸಿ, ಸುಣ್ಣವನ್ನು ಪುಟ್ಟ ವಜ್ರದ ಬೈರಿಗೆಯಿಂದ ಕೊರೆದು, ಬಲೂನು ಉಬ್ಬಿಸಿ, ಪೆನ್ನಿನ ಸ್ಪ್ರಿಂಗಿನಂಥ ಸ್ಟೆಂಟ್ ಕೂರಿಸುತ್ತಾರೆ. ಬಲೂನು ಉಬ್ಬಿದಷ್ಟು ಹೊತ್ತು ಆ ನಾಳದಲ್ಲಿ ರಕ್ತ ಹರಿಯುವುದಿಲ್ಲ. ಗಟ್ಟಿ ಗುಂಡಿಗೆ ತಾಳಿಕೊಳ್ಳುತ್ತದೆ. ಸೋತ ಗುಂಡಿಗೆ ಗಾಬರಿಯಾಗಿ ಓಡುತ್ತದೆ, ಓಡಿ ಓಡಿ ನಡುಗಿ ನಿಂತುಬಿಡುತ್ತದೆ.

ಅದನ್ನು ಔಷಧದಿಂದ ತಣ್ಣಗೆ ಮಾಡಿ, ನಿಧಾನವಾಗಿ ನಡೆಸಲು ಮೊದಲು ಗಡಿಯಾರದಂಥ ಯಂತ್ರ ಇಟ್ಟು ನೋಡಿದರಂತೆ. ಸೋತ ಗುಂಡಿಗೆ ಅದಕ್ಕೆ ಹೊಂದಿಕೊಳ್ಳಲಿಲ್ಲ. ಒಬ್ಬರ ನಾಡಿಯನ್ನು ರೆಕಾರ್ಡ್ ಮಾಡಿ ಕೊಟ್ಟರು. ಅದೂ ಹಿಂದಿರುಗಿ ನೋಡದೆ ಮುಂದೆ ಹೋಗುವವನ ಹಾಗೆ. ಕೊನೆಗೆ ಬದುಕಿರುವ ಮನುಷ್ಯರನ್ನೇ ಕೂರಿಸಿದರು. ನನ್ನ ಬಲಗೈಯ ಪಟ್ಟಿ ನನ್ನ ನಾಡಿಯನ್ನು ರೋಗಿಯ ಗುಂಡಿಗೆಗೆ ಒಯ್ಯುತ್ತದೆ. ಎಡಗೈಯ ಪಟ್ಟಿ ಅವರ ಮಿಡಿತವನ್ನು ನನ್ನ ಚರ್ಮಕ್ಕೆ ತಟ್ಟುತ್ತದೆ. ಅವರು ಎಡವಿದರೆ ನನ್ನ ಮೈ ತನಗೇ ತಿಳಿಯದಂತೆ ಒಂದು ಚೂರು ತಡೆದು ಕಾಯುತ್ತದೆ. ಆ ಕಾಯುವುದನ್ನು ಯಂತ್ರಕ್ಕೆ ಕಲಿಸಲು ಇನ್ನೂ ಆಗಿಲ್ಲ. ಇದಕ್ಕೆ ಜೊತೆನಾಡಿ ಎನ್ನುತ್ತಾರೆ.

ಸಾಯುತ್ತೇನೆಂದು ಅಂಜಿದವರ ನಾಡಿ ಕೈಗೆ ತಟ್ಟುತ್ತಿದ್ದರೆ ಎಂಥವರ ಎದೆಯೂ ಏರುತ್ತದೆ. ನನ್ನದು ಇಳಿಯುತ್ತದೆ. ಅದಕ್ಕೇ ನಾನು ಬೇಕು. ಅರವತ್ತೈದು ದಾಟಬಾರದು, ಅಷ್ಟೇ ನನಗಿರುವ ಲೆಕ್ಕ.

ಆಸ್ಪತ್ರೆಯವರು ಅವ್ವನಿಗೂ ಒಂದು ಮಾತು ಹೇಳಿ ಕಳಿಸಿದ್ದರು. ಈಕೆಗೆ ಧೈರ್ಯ ತುಂಬಬೇಡಿರಿ. ಅಂಜಿಕೆ ಹೋದರೆ ನಾಡಿಯೂ ಎಲ್ಲರ ಹಾಗೆ ಆಗುತ್ತದೆ. ಮನೆಯಲ್ಲೂ ಒಂದು ಪಟ್ಟಿ ಕಟ್ಟಿಕೊಂಡಿರಬೇಕು, ಐವತ್ತಾರು ಐವತ್ತೆಂಟರಲ್ಲಿ ಇರಬೇಕು.

ಅಂದಿನಿಂದ ಅವ್ವ ನನ್ನ ತಲೆ ಸವರಿಲ್ಲ. ಮೊದಲು ನಾನು ಹೆದರಿ ಮೂಲೆ ಸೇರಿದರೆ, ಖಾರದ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ನೆತ್ತಿಯ ಮೇಲೆ ಇಡುತ್ತಿದ್ದಳು. ಈಗ ಬಾಗಿಲ ತನಕ ಬಂದು ನಿಲ್ಲುತ್ತಾಳೆ. ಕೈ ಏಳುತ್ತದೆ, ಚಿಲಕ ಹಿಡಿದುಕೊಳ್ಳುತ್ತದೆ. ಒಮ್ಮೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಲು ಪಕ್ಕದ ಮನೆಯವಳನ್ನು ಕರೆದಳು. 'ನಾ ಮುಟ್ಟಿದ್ರ ಆಕಿಗೆ ಧೈರ್ಯ ಬರ್ತೈತಿ' ಎಂದಳು. ಪಕ್ಕದ ಮನೆಯವಳು ಅವ್ವನಿಗೆ ತಲೆ ಕೆಟ್ಟಿದೆ ಎಂದುಕೊಂಡಳು.

ಆ ಗುರುವಾರ ಬೆಳಗಿನ ಗಾಡಿಗೆ ಹೊರಟಾಗಲೂ ಅವ್ವ ಚಿಲಕ ಹಿಡಿದೇ ನಿಂತಿದ್ದಳು.

ಎಂಟು ಗಂಟೆಗೆ ಆಸ್ಪತ್ರೆಯಲ್ಲಿ ನನ್ನ ನಾಡಿ ನೋಡಿದರು. ಐವತ್ನಾಲ್ಕು. ಸಾಕು ಎಂದರು. ಹತ್ತಕ್ಕೆ ಒಳಗೆ ಹೋಗಬೇಕಿತ್ತು. ಅಷ್ಟರ ತನಕ ಹಿಂದಿನ ಬಾಗಿಲ ಹತ್ತಿರ ನಲ್ಲಿಯ ಕಟ್ಟೆಯ ಮೇಲೆ ಕೂರುವುದು ನನ್ನ ರೂಢಿ. ಅಲ್ಲಿಗೆ ಯಾರೂ ಬರುವುದಿಲ್ಲ. ರೋಗಿಯ ಹೆಸರು ನಮಗೆ ಹೇಳುವುದಿಲ್ಲ, ಅವರ ಮನೆಯವರನ್ನು ನಾವು ನೋಡಬಾರದು.

ಅವತ್ತು ಒಬ್ಬ ಹೆಂಗಸು ಬಾಟಲಿಗೆ ನೀರು ಹಿಡಿಯಲು ಬಂದಳು. ಐವತ್ತರ ಮೇಲಿನವಳು. ಗಲ್ಲಕ್ಕೆ ಅರಿಶಿನ, ಕೈತುಂಬ ಹಸಿರು ಬಳೆ. ಬಾಟಲಿ ತುಂಬಿ ಚೆಲ್ಲುತ್ತಿದ್ದರೂ ನನ್ನ ಕೈಗಳನ್ನೇ ನೋಡುತ್ತಿದ್ದಳು. ಪಟ್ಟಿ ಕಟ್ಟಿ ಕಟ್ಟಿ ನನ್ನ ಎರಡೂ ಮಣಿಕಟ್ಟಿನಲ್ಲಿ ಬಿಳಿಯ ಉಂಗುರ ಬಿದ್ದಿದೆ.

'ನೀ ನಾಡಿಯಾಕಿ ಏನವಾ?'

ನಾನು ತಲೆ ತಗ್ಗಿಸಿದೆ.

'ಇವತ್ತ ಒಂದ ಆಪರೇಶನ್ ಐತಂತ. ಅಂದ್ರ ನಮ್ಮನಿಯವ್ರಿಗೆ ನೀನ.' ಆಕೆ ನಲ್ಲಿ ನಿಲ್ಲಿಸಿ ನನ್ನ ಪಕ್ಕದಲ್ಲೇ ಕುಳಿತಳು. 'ನಾ ಈರವ್ವ. ಮೋಟೆಬೆನ್ನೂರಿನ ಗುಡ್ಡಪ್ಪ ಸಿಂಪಿಗ್ಯಾರ ಅಂದ್ರ ಅವ್ರ. ಸಾಲಿ ಹುಡುಗ್ಯಾರ ಲಂಗ ಹೊಲೀತಾರ. ಲಂಗಕ್ಕ ಕಿಸೆ ಯಾರೂ ಇಡಂಗಿಲ್ಲ, ಇವ್ರು ಇಡ್ತಾರ. ಹುಡುಗ್ಯಾರಿಗೂ ಪೇರಲಹಣ್ಣ ಇಟ್ಕೊಳ್ಳಾಕ ಜಾಗಾ ಬೇಕಲೇ ಅಂತಾರ.'

ಎದ್ದು ಹೋಗಬೇಕಿತ್ತು. ಎದ್ದು ಹೋಗುವುದಕ್ಕೂ ಧೈರ್ಯ ಬೇಕು.

ಆಕೆ ಚೀಲ ಬಿಚ್ಚಿದಳು. 'ಡಾಕ್ಟರ್ ಬಾಯಾರ ಉಡಿ ತುಂಬಬೇಕಂತ ತಂದಿದ್ನಿ. ಒಳಗ ಬಿಡವಲ್ರು. ವೇಲ ಹಿಡಿ.'

'ನನ್ನ... ಲಗ್ನ ಆಗಿಲ್ರಿ.'

'ಆಗದಿದ್ರ ಏನಾತು? ಹೆಣ್ಣಮಗಳು ಹೌದಿಲ್ಲೊ? ಹಿಡಿ ಅಂದ್ರ.'

ಉಡಿ ತುಂಬಲು ಬಂದವರಿಗೆ ಬೇಡ ಎನ್ನುವುದನ್ನು ನಮ್ಮ ಕಡೆ ಯಾರೂ ಕಲಿತಿಲ್ಲ. ನನ್ನ ಕೈ ತಾನಾಗಿ ವೇಲು ಹಿಡಿಯಿತು. ಐದು ಸಲ ಬೊಗಸೆಯಿಂದ ಅಕ್ಕಿ ಸುರಿದಳು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು ಇಟ್ಟಳು. ಗಂಟು ಹಾಕಿ ನನ್ನ ಮಡಿಲಿಗೆ ಒತ್ತಿದಳು.

'ನನ್ನ ಗಂಡನ್ನ ನಿನ್ನ ಉಡಿಯಾಗ ಹಾಕೀನಿ, ತಾಯಿ.'

ಆಮೇಲೆ ಆಕೆ ಮಾಡಿದ್ದೇ ದೊಡ್ಡ ತಪ್ಪು. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಎದೆಗೆ ಒತ್ತಿಕೊಂಡು, ತಲೆ ಸವರಿದಳು. 'ಎಷ್ಟ ತಣ್ಣಗ ಆಗೀಯಲ್ಲ ಮಗಳ. ಅಂಜಬ್ಯಾಡ. ಎಲ್ಲಾ ಛಲೋ ಆಕ್ಕೈತಿ. ಅಂಜಬ್ಯಾಡ.'

ಎರಡು ವರ್ಷದಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ನನ್ನ ಮೈಯೊಳಗೆ ಏನೋ ಸಡಿಲವಾದದ್ದು ನನಗೆ ತಿಳಿಯಿತು. ಬೆರಳ ತುದಿಗಳು ಬೆಚ್ಚಗಾದವು.

ನಾನು ಕೂರುವುದು ಒಂದು ಗೂಡಿನಂಥ ಕೋಣೆಯಲ್ಲಿ. ಮುಂದೆ ಗಾಜು, ಗಾಜಿಗೆ ಕಪ್ಪು ಪರದೆ. ಪರದೆಯ ಆಚೆ ಯಂತ್ರಗಳ ಕೋಣೆ, ಅದರಾಚೆ ಇನ್ನೊಂದು ಗಾಜು, ಅಲ್ಲಿ ರೋಗಿ. ಪಟ್ಟಿ ಕಟ್ಟುವವರು ಮೌಲಾಸಾಬಣ್ಣ. ಅವರ ಗಡ್ಡ ಅರ್ಧ ಬೆಳ್ಳಗಾಗಿದೆ, ಬಾಯಿ ಮಾತ್ರ ಹುಡುಗರದು.

'ಯಾರರ ಭೆಟ್ಟಿ ಆಗಿದ್ರೇನವಾ? ಯಾರರ ಮಾತಾಡಿಸಿದ್ರೇನು?' ಪ್ರತಿ ಸಲ ಕೇಳಲೇಬೇಕಾದ ಪ್ರಶ್ನೆ ಅದು. ಹೌದು ಎಂದರೆ ಅವತ್ತಿನ ಕೆಲಸ ಮುಂದಕ್ಕೆ ಹಾಕುತ್ತಾರೆ.

ಹೌದು ಎಂದರೆ ಏನಾಯಿತು, ಎಲ್ಲಿ, ಯಾರು ಎಂದು ಹೇಳಬೇಕು. ಎಲ್ಲರೂ ಬಂದು ಸುತ್ತ ನಿಲ್ಲುತ್ತಾರೆ. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

'ಹೊಟ್ಟಿ ಯಾಕ ಮುಂದ ಬಂದೈತಿ? ಟೇಶನ್ನಾಗ ಮಿರ್ಚಿ ಭಜಿ ಹೊಡದೀ ಏನು?' ಎಂದು ನಕ್ಕು, ಹೊದೆಯಲು ಶಾಲು ಕೊಟ್ಟರು. ಉಡಿಯನ್ನು ಅದರೊಳಗೆ ಮುಚ್ಚಿಕೊಂಡೆ. 'ಇವತ್ತ ಜಾತ್ರಿ ಐತಿ ನೋಡು ಹೊರಗ. ಬ್ಯಾರೆ ಬ್ಯಾರೆ ಊರಿಂದ ಹನ್ನೆರಡ ಮಂದಿ ಡಾಕ್ಟರು ನೋಡಾಕ ಬಂದಾರ. ನೀ ಚಿಂತಿ ಮಾಡಬ್ಯಾಡ, ಪರದೆ ಐತಿ.'

ಯಂತ್ರ ಅರವತ್ತೆರಡು ತೋರಿಸಿತು. ಮೌಲಾಸಾಬಣ್ಣ ಹುಬ್ಬು ಏರಿಸಿದರು. 'ನಡೀತೈತಿ' ಎಂದು ಮೈಕಿನಲ್ಲಿ ಹಂಪಣ್ಣವರ ಡಾಕ್ಟರಿಗೆ ಹೇಳಿದರು.

ಎಡಗೈಗೆ ಮೊದಲ ತಟ್ಟು ಬಂತು. ಗುಡ್ಡಪ್ಪನವರ ನಾಡಿ. ಹೊಲಿಗೆ ಯಂತ್ರದ ಸೂಜಿಯ ಹಾಗೆ ಸಣ್ಣಗೆ, ಅವಸರವಾಗಿ. ಔಷಧ ಕೊಟ್ಟರು. ಅದು ನಿಧಾನವಾಗಿ ನನ್ನ ನಾಡಿಯ ಹಿಂದೆ ಬಂದು, ಹೆಜ್ಜೆ ಕೂಡಿಸಿತು.

ನೋಡಲು ಬಂದವರಿಗೆ ಡಾಕ್ಟರು ಹೇಳುತ್ತಿದ್ದುದು ಸ್ಪೀಕರಿನಲ್ಲಿ ಕೇಳುತ್ತಿತ್ತು. ಎಡಗಡೆಯ ಮುಖ್ಯ ನಾಳ, ಸರಿಯಾಗಿ ಎರಡು ಕವಲಾಗುವ ಜಾಗದಲ್ಲಿ ಕಲ್ಲಿನಂಥ ಸುಣ್ಣ. ಬಲಗಡೆಯ ನಾಳ ಮೊದಲೇ ಮುಚ್ಚಿಹೋಗಿದೆ. ಗುಂಡಿಗೆಯ ಶಕ್ತಿ ನೂರಕ್ಕೆ ಇಪ್ಪತ್ತು. ಬೈರಿಗೆ ತಿರುಗುವ ಸಣ್ಣ ಸದ್ದು ಕೇಳಿತು. ನಾನು ಉಸಿರು ಹಿಡಿದೆ. ಮೊದಲೆಲ್ಲ ಈ ಹೊತ್ತಿಗೆ ನನ್ನ ಮೈ ಹಿಮದಂತಾಗುತ್ತಿತ್ತು. ಹೆಸರಿಲ್ಲದ ಯಾರೋ, ಗಾಜಿನ ಆಚೆ ಹನ್ನೆರಡು ಮಂದಿ, ನಾನು ಹುಲ್ಲಿನೊಳಗಿನ ಮರಿ.

ಅವತ್ತು ಹಾಗಾಗಲಿಲ್ಲ. ಅವತ್ತು ಅಲ್ಲಿ ಮಲಗಿದ್ದವರು ಲಂಗಕ್ಕೆ ಕಿಸೆ ಇಡುವ ಮನುಷ್ಯ. ಹೊರಗೆ ಹಸಿರು ಬಳೆಯ ಕೈಗಳು ಬಾಟಲಿ ಹಿಡಿದು ಕುಳಿತಿದ್ದವು. ಇವರು ಸತ್ತರೆ ಎಂದುಕೊಂಡೆ. ನನಗಾಗಿ ಅಂಜುವುದು ನನಗೆ ಗೊತ್ತಿತ್ತು. ಇನ್ನೊಬ್ಬರಿಗಾಗಿ ಅಂಜುವುದು ಬೇರೆಯೇ ಎಂದು ಆಗ ತಿಳಿಯಿತು. ಅದು ತಣ್ಣಗೆ ಬರಲಿಲ್ಲ, ಬಿಸಿಯಾಗಿ ಬಂತು. ಅಂಕಿ ಎಪ್ಪತ್ತು ದಾಟಿತು.

'ಮೌಲಾ, ಏರಾಕತ್ತೈತಿ' ಎಂದರು ಡಾಕ್ಟರು.

'ದ್ಯಾಮವ್ವಾ, ಏನಾತವಾ?'

ಎಂಬತ್ತೆರಡು. ನನ್ನ ಎಡಗೈಗೆ ತಟ್ಟುತ್ತಿದ್ದ ನಾಡಿಯೂ ನನ್ನ ಹಿಂದೆ ಓಡಿ ಬರುತ್ತಿತ್ತು. ಅದು ಓಡಿದಷ್ಟೂ ನನಗೆ ಭಯ, ನನ್ನ ಭಯಕ್ಕೆ ಅದು ಇನ್ನೂ ಓಡುತ್ತಿತ್ತು.

'ಈಗ ಹಿಂದ ಬರಾಕ ಆಗಂಗಿಲ್ಲ,' ಡಾಕ್ಟರ ದನಿ ಗಟ್ಟಿಯಾಯಿತು. 'ನಾಳದ ಅಂಚು ಹರದೈತಿ. ಈಗ ಸ್ಟೆಂಟ್ ಕೂಡಸದಿದ್ರ ಮುಚ್ಚಿಹೊಕ್ಕೈತಿ. ಎರಡು ಬಲೂನ್ ಒಮ್ಮೆ ಉಬ್ಬಸಬೇಕು. ನಿಧಾನ ನಾಡಿ ಬೇಕು ನನಗ. ಗಡಿಯಾರಕ್ಕ ಹಾಕ್ರಿ.'

ಮೌಲಾಸಾಬಣ್ಣ ಗುಂಡಿ ಒತ್ತಿದರು. ನನ್ನ ಎಡಗೈಗೆ ಎರಡು ತಟ್ಟು ಸರಿಯಾಗಿ ಬಂತು. ಮೂರನೆಯದು ಬರಲಿಲ್ಲ. ಆಮೇಲೆ ಬಂದದ್ದು ನಾಡಿಯಲ್ಲ, ಮುಷ್ಟಿಯಲ್ಲಿ ಹಿಡಿದ ಗುಬ್ಬಿಮರಿಯಂಥ ನಡುಕ. 'ಬ್ಯಾಡ, ಬ್ಯಾಡ, ತಿರುಗಿ ಆಕಿಗೇ ಕೊಡ್ರಿ!' ಎಂದು ಡಾಕ್ಟರು ಕೂಗಿದರು. ನಡುಕ ನನ್ನ ನಾಡಿಯನ್ನು ಹೇಗೋ ಹಿಡಿದುಕೊಂಡಿತು. ತೊಂಬತ್ತಾರು.

ಈರವ್ವನ ಕೈ ನನ್ನ ನೆತ್ತಿಯ ಮೇಲೆ ಇನ್ನೂ ಬೆಚ್ಚಗಿತ್ತು. ಅದನ್ನು ತೆಗೆಯುವಂಥದ್ದು ಏನಾದರೂ ಬೇಕಿತ್ತು. ಹಾವು, ಬೆಂಕಿ, ಸಾವು ಯಾವುದೂ ಸಾಲುವುದಿಲ್ಲ. ನನ್ನ ಮೈಯನ್ನು ಕಲ್ಲು ಮಾಡುವುದು ಯಾವುದು ಎಂದು ನನಗೆ ಶಾಲೆಯ ದಿನದಿಂದ ಗೊತ್ತು. ಅದನ್ನು ನಾನೇ ಕೇಳಿ ಪಡೆಯಬೇಕಿತ್ತು.

'ಅಣ್ಣಾರ,' ಎಂದೆ. ದನಿ ಹೊರಗೆ ಬರಲಿಲ್ಲ. ಮತ್ತೆ ಹೇಳಿದೆ. 'ಅಣ್ಣಾರ, ಪರದೆ ತೆಗೀರಿ.'

'ಏನು?'

'ಪರದೆ ತೆಗೀರಿ. ಎಲ್ಲಾರಿಗೂ... ನನ್ನ ಕಡೆ ನೋಡಾಕ ಹೇಳ್ರಿ.'

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಎರಡು ವರ್ಷ ನಾನು ಅವರೊಂದಿಗೆ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿದವಳಲ್ಲ. ಅವರು ಪರದೆಯನ್ನು ಒಂದೇ ಎಳೆತಕ್ಕೆ ಸರಿಸಿದರು. 'ಸಾಹೇಬ್ರ, ಎಲ್ಲಾರೂ ಈ ಕಡೆ ತಿರುಗ್ರಿ! ಯಂತ್ರ ಬಿಡ್ರಿ, ಈ ಹುಡುಗಿನ್ನ ನೋಡ್ರಿ!'

ಹನ್ನೆರಡು ಮುಖಗಳು ತಿರುಗಿದವು. ಕನ್ನಡಕಗಳು, ಮಾಸ್ಕಿನ ಮೇಲಿನ ಕಣ್ಣುಗಳು. ನಾನು ಎದ್ದು ನಿಂತೆ. ನಿಂತಾಗ ವೇಲಿನ ಗಂಟು ಸಡಿಲಿ ಅಕ್ಕಿ ಜಾರಿ ನೆಲದ ಮೇಲೆ ಸುರಿಯಿತು. ಗಾಜಿನ ಆಚೆಯವರೆಲ್ಲ ಆ ಅಕ್ಕಿ ನೋಡಿದರು, ಮತ್ತೆ ನನ್ನನ್ನು ನೋಡಿದರು.

ಎಂಬತ್ತೈದು. ಇನ್ನೂ ಸಾಲದು. ಓದಲು ಪಾಠ ಇರಲಿಲ್ಲ. ಹೇಳುವಂಥದ್ದು ನನ್ನ ಬಳಿ ಒಂದೇ ಇತ್ತು.

'ನಾ ಸುಳ್ಳ ಹೇಳೀನ್ರಿ.' ಸ್ಪೀಕರಿನಲ್ಲಿ ನನ್ನ ದನಿ ನನಗೇ ಕೇಳಿತು. ಗಾಜು ಹಿಡಿದುಕೊಂಡೆ. 'ಮುಂಜಾನೆ ನಲ್ಲಿ ಹಂತ್ಯಾಕ... ಈ ಯಜಮಾನ್ರ ಮನಿಯವ್ರು ನನ್ನ ಉಡಿ ತುಂಬಿದ್ರು. ಅಂಜಬ್ಯಾಡ ಅಂದ್ರು. ಮೌಲಾಸಾಬಣ್ಣಾರು ಕೇಳಿದ್ರು. ಯಾರೂ ಭೆಟ್ಟಿ ಆಗಿಲ್ಲ ಅಂತ ತಲಿ ಅಲ್ಲಾಡಿಸಿದೆ. ತಪ್ಪ ನಂದು. ಇವ್ರಿಗೆ ಏನರ ಆದ್ರ... ತಪ್ಪ ನಂದು.'

ಎಲ್ಲರೂ ನೋಡುತ್ತಲೇ ಇದ್ದರು. ಬೆರಳ ತುದಿಯಿಂದ ಚಳಿ ಏರಿತು. ಮೊಣಕೈ, ಭುಜ, ಕುತ್ತಿಗೆ. ನಾಲಗೆ ಅಂಗುಳಕ್ಕೆ ಅಂಟಿತು. ನನ್ನ ಎದೆ, ಬಾವಿಗೆ ಇಳಿಬಿಟ್ಟ ಕೊಡದ ಹಾಗೆ, ಕೆಳಗೆ ಕೆಳಗೆ ಹೋಯಿತು. ಎಪ್ಪತ್ತು. ಅರವತ್ತು. ಐವತ್ತೊಂದು.

ಸ್ಪೀಕರಿನಲ್ಲಿ ತೊದಲುವ ಗಂಡು ದನಿಯೊಂದು ಕೇಳಿತು. ರೋಗಿ ಎಚ್ಚರವಾಗಿಯೇ ಇರುತ್ತಾರೆ ಎಂಬುದನ್ನು ನಾವೆಲ್ಲ ಮರೆತಿದ್ದೆವು. 'ಉಡಿ ತುಂಬ್ಯಾಳ? ನಮ್ಮಾಕಿ? ಬ್ಲೌಸ್ ಪೀಸ್ ಇಟ್ಟಾಳಿಲ್ಲೊ ಕೇಳ್ರಿ. ಸಿಂಪಿಗ್ಯಾನ ಹೇಣ್ತಿ ಆಗಿ...'

'ಗುಡ್ಡಪ್ಪನವರ, ಮಾತಾಡಬ್ಯಾಡ್ರಿ,' ಎಂದರು ಡಾಕ್ಟರು. 'ನಲವತ್ತೆಂಟು. ಎಲ್ಲಾರೂ ಆ ಹುಡುಗಿನ್ನ ನೋಡಕೋತನ ಇರ್ರಿ, ಕಣ್ಣ ತೆಗೀಬ್ಯಾಡ್ರಿ. ಬಲೂನ್ ಉಬ್ಬಸಾಕತ್ತೀನಿ.'

ಎಡಗೈಯ ತಟ್ಟು ತೆಳುವಾಯಿತು. ಇನ್ನೂ ತೆಳುವಾಯಿತು. ಒಂದು ಸಲ ಎಡವಿತು. ನಾನು ಕಾದೆ, ಅಥವಾ ನನ್ನ ಮೈಯೇ ಕಾದು ನಿಂತಿತು. ಅದು ಬಂತು. ಮತ್ತೆ ಎಡವಿತು, ಮತ್ತೆ ಬಂತು. ಮೂವತ್ತು ಸೆಕೆಂಡು ಎಂದು ಆಮೇಲೆ ಹೇಳಿದರು. ನಾನು ಆ ಹನ್ನೆರಡು ಮುಖಗಳನ್ನು ಒಂದೊಂದಾಗಿ ನೋಡಿದೆ. ಮೂರನೆಯವನ ಮಾಸ್ಕು ಒದ್ದೆಯಾಗಿತ್ತು. ಕೊನೆಯಲ್ಲಿ ನಿಂತ ಹೆಣ್ಣುಮಗಳ ಕಣ್ಣು ನನ್ನಷ್ಟೇ ಅಂಜಿತ್ತು. ಅಷ್ಟು ಮುಖಗಳನ್ನು ನೇರವಾಗಿ ನಾನು ನೋಡಿದ್ದು ಅದೇ ಮೊದಲು.

'ಕೂತತು. ಎರಡೂ ಕೂತವು. ಹರಿವು ಐತಿ,' ಎಂದರು ಡಾಕ್ಟರು. ತಟ್ಟು ಗಟ್ಟಿಯಾಗಿ ಬಂತು, ಬಾಗಿಲು ಬಡಿದಂತೆ.

ಮೌಲಾಸಾಬಣ್ಣ ಪರದೆ ಎಳೆದು, ನಾನು ಕೆಳಗೆ ಬೀಳುವ ಮೊದಲು ಕುರ್ಚಿ ತಳ್ಳಿದರು. ಬಗ್ಗಿ ಅಕ್ಕಿ ಆರಿಸತೊಡಗಿದರು. 'ಸುಳ್ಳ ಹೇಳಿದ್ದಕ್ಕ ನಿನ್ನ ಮ್ಯಾಲ ರಿಪೋರ್ಟ್ ಬರೀಬೇಕು ನಾನು,' ಎಂದರು. 'ಬರೀತೀನಿ. ಮೊದಲ ಇದನ್ನ ಆರಿಸೋಣು. ಉಡಿ ಅಕ್ಕಿ ತುಳೀಬಾರ್ದು.'

ರಿಪೋರ್ಟ್ ಬರೆದರು. ಹಂಪಣ್ಣವರ ಡಾಕ್ಟರು ಓದಿ ಮಡಚಿಟ್ಟು, ಹದಿನೈದು ದಿನ ಮನೆಯಲ್ಲಿರು, ಆಮೇಲೆ ಬಂದು ನಾಡಿ ತೋರಿಸು ಎಂದರು. ಇನ್ನು ಮುಂದೆ ಅದು ಇಳಿಯದೇ ಹೋಗಬಹುದು ಎಂದೂ ಹೇಳಿದರು. ಅವರು ನನ್ನ ಮುಖ ನೋಡದೆ, ಕಿಟಕಿಯ ಕಡೆ ನೋಡುತ್ತ ಹೇಳಿದರು. ನನಗಾಗಿ ಹಾಗೆ ಮಾಡಿದರು.

ಹೊರಗೆ ಬರುವಾಗ ನಲ್ಲಿಯ ಹತ್ತಿರ ಈರವ್ವ ಕಾಯುತ್ತಿದ್ದಳು. ಸುದ್ದಿ ಆಗಲೇ ತಲುಪಿತ್ತು. ಅತ್ತು ಅತ್ತು ಗಲ್ಲದ ಅರಿಶಿನ ಗೆರೆ ಬಿದ್ದಿತ್ತು. ಕೈ ಮುಂದೆ ಚಾಚಿದವಳು ಹಿಂದೆ ತೆಗೆದುಕೊಂಡಳು. 'ಮುಟ್ಟಬಾರ್ದಂತಲ್ಲ ನಿನ್ನ. ನಂಗೊತ್ತಿರಲಿಲ್ಲವಾ. ನಾ ಅಂಜಬ್ಯಾಡ ಅಂದದ್ದಕ್ಕ...'

'ಅಂಜಿದೆನ್ರಿ,' ಎಂದೆ. 'ಭಾಳ ಛಲೋ ಅಂಜಿದೆನ್ರಿ.'

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಅವ್ವ ಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತಿದ್ದಳು. ಎಲ್ಲ ಹೇಳಿದೆ. ಅಷ್ಟು ಉದ್ದ ನಾನು ಅವಳ ಹತ್ತಿರವೂ ಮಾತಾಡಿದ್ದಿಲ್ಲ. ತೊಟ್ಟು ಮುರಿಯುವ ಸದ್ದು ನಿಂತುಹೋಗಿತ್ತು. ಅವಳ ಕೈ ಎದ್ದಿತು. ಅಲ್ಲಿ ಹಿಡಿದುಕೊಳ್ಳಲು ಚಿಲಕ ಇರಲಿಲ್ಲ. ಗಾಳಿಯಲ್ಲೇ ನಿಂತಿತು.

ನಾನು ಆ ಕೈ ಹಿಡಿದು ನನ್ನ ನೆತ್ತಿಯ ಮೇಲೆ ಇಟ್ಟುಕೊಂಡೆ. ಖಾರದ ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು ಬಂತು.

ನನ್ನ ಮಣಿಕಟ್ಟಿನ ಪಟ್ಟಿಯಲ್ಲಿ ಅಂಕಿ ಹೊಳೆಯುತ್ತಿತ್ತು. ಐವತ್ತೆಂಟು. ಅರವತ್ನಾಲ್ಕು. ಅವ್ವ ಅದನ್ನು ಓದಬಲ್ಲಳು. ಅಷ್ಟೊಂದು ಅಂಕಿ ಕಲಿತದ್ದು ಇದಕ್ಕಾಗಿಯೇ. ಅರವತ್ತೊಂಬತ್ತು ಆದಾಗ ಗಾಬರಿಯಾಗಿ ಕೈ ಎಳೆದುಕೊಳ್ಳಲು ನೋಡಿದಳು.

'ಏರಾಕತ್ತೈತಲ್ಲ ಮಗಳ!'

'ಏರಲಿ,' ಎಂದೆ. 'ಇಡವ್ವಾ.'